ಈ ಕಲ್ಲುಗಳ ಲೆಕ್ಕ ಕೊಡಿ

ಸಾಸ್ತಾನದ ಟೋಲ್‌ಗೇಟಿನಲ್ಲಿ ಫಾಸ್ಟ್ಯಾಗ್ ಇಲ್ಲದೆ ನಗದು ಕೊಡಲು ಹೋದವರು ದುಪ್ಪಟ್ಟು ತೆರಬೇಕಾಗಿ ಬಂದಿತ್ತು. ಇದು ಹೊಸ ಕಾನೂನೆಂದು ಯಾರೂ ತಿಳಿಯಬೇಕಾಗಿಲ್ಲ. 1342ರ ಆಸುಪಾಸಿನಲ್ಲಿ ಈ ಕರಾವಳಿಯಲ್ಲಿ ಸಾಗಿದ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ ನಮ್ಮ ಪಕ್ಕದ ಬಾರಕೂರಿನ ಬಗ್ಗೆ ಬರೆದಿಟ್ಟಿದ್ದಾನೆ. ಎದುರು ಹಾದುಹೋಗುವ ಹಡಗು ಇಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಒಪ್ಪಿಸಲೇಬೇಕು. ತಪ್ಪಿಸಿಕೊಂಡು ಹೋದರೆ ಬೆನ್ನಟ್ಟಿ ಹಿಡಿದು ತಂದು ಎರಡು ಪಟ್ಟು ಸುಂಕ ಹಾಕುತ್ತಿದ್ದರು. ಅದಕ್ಕೆಂದೇ ಅರಸನ ಬಳಿ ಮೂವತ್ತರಷ್ಟು ಯುದ್ಧದ ಹಡಗುಗಳಿದ್ದವು.

ಆ ಪರದೇಶಿ ಬರೆದಿದ್ದರಿಂದ ನಮಗೆ ಇಷ್ಟು ಗೊತ್ತಾಯಿತು. ಬಾರಕೂರಿನವರು ತಾವೇ ಕಲ್ಲಿನಲ್ಲಿ ಬರೆಸಿಟ್ಟದ್ದನ್ನು ನಾವು ಏನು ಮಾಡುತ್ತಿದ್ದೇವೆ? ಒಡೆಯುತ್ತಿದ್ದೇವೆ. ಹೂಳುತ್ತಿದ್ದೇವೆ. ಅದರ ಮೇಲೆ ಬಟ್ಟೆ ಒಗೆಯುತ್ತಿದ್ದೇವೆ.

ಬಾರಕೂರು ಹಾದಿಬದಿಯ ಸಾಮಾನ್ಯ ಊರಲ್ಲ. ಆಳುಪರು ಇಲ್ಲಿಂದ ರಾಜ್ಯ ಆಳಿದರು. ಹೊಯ್ಸಳರ ಸೇನೆ ಘಟ್ಟ ಇಳಿದು ಬಂತು. ಮೂರನೇ ವೀರಬಲ್ಲಾಳನ ರಾಣಿ ಚಿಕ್ಕಾಯಿ ತಾಯಿ ಇಲ್ಲಿ ಕೂತು ಆಡಳಿತ ನಡೆಸಿದಳು. ಆಮೇಲೆ ವಿಜಯನಗರ ಬಂತು. ತುಳುನಾಡನ್ನು ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಎಂದು ಎರಡು ಪಾಲು ಮಾಡಿ, ರಾಜಧಾನಿಯಿಂದ ಒಬ್ಬರಾದ ಮೇಲೊಬ್ಬರಂತೆ ಅಧಿಕಾರಿಗಳನ್ನು ಕಳಿಸಿತು. ಬಾರಕೂರು ಗದ್ಯಾಣ ಎಂಬ ಹೊನ್ನಿನ ನಾಣ್ಯವೇ ಚಲಾವಣೆಯಲ್ಲಿತ್ತು. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ: ಈ ಕೇರಿಗಳ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ.

ನಮ್ಮ ಮಕ್ಕಳು ಶಾಲೆಯಲ್ಲಿ ರೋಮ್ ಸಾಮ್ರಾಜ್ಯದ ವಿಸ್ತರಣೆಯನ್ನು ಬಾಯಿಪಾಠ ಮಾಡುತ್ತಾರೆ. ಮಾಡಲಿ, ತಪ್ಪಿಲ್ಲ. ಆದರೆ ಆ ಪಾಠದಲ್ಲಿ ಕಲಿಯಬೇಕಾದ ಸಂಗತಿ ಬೇರೆಯೇ ಇದೆ. ರೋಮ್ ಮೊದಲು ನುಂಗಿದ ಹೊರನಾಡು ಸಿಸಿಲಿ. ಅಲ್ಲಿಗೆ ಗವರ್ನರ್ ಆಗಿ ಹೋದ ವೆರ್ರೆಸ್ ಎಂಬವನು ಮೂರು ವರ್ಷ ಆ ದ್ವೀಪವನ್ನು ದೋಚಿದ. ಕ್ರಿಸ್ತಪೂರ್ವ 70ರಲ್ಲಿ ಅವನ ಮೇಲೆ ಮೊಕದ್ದಮೆ ನಡೆಸಿದ ಸಿಸೆರೊ ಬರೀ ಭಾಷಣ ಬಿಗಿಯಲಿಲ್ಲ. ಸಿಸಿಲಿಗೆ ಹೋಗಿ ಊರೂರಿನ ಲೆಕ್ಕಪತ್ರ ಕಲೆಹಾಕಿದ. ತೆರಿಗೆ ಗುತ್ತಿಗೆದಾರರ ಲೆಕ್ಕದಲ್ಲಿ ವೆರ್ರೆಸ್‌ನ ಹೆಸರನ್ನು ಕೆರೆದು ವೆರ್ರೂಕಿಯಸ್ ಎಂದು ತಿದ್ದಿದ್ದನ್ನು ಹಿಡಿದು ತೋರಿಸಿದ. ಗವರ್ನರ್ ಊರು ಬಿಟ್ಟು ಓಡಿದ. ದಂಡೆತ್ತಿ ಗೆದ್ದವನ ಮುಂದೆ ಸೋತ ಜನಕ್ಕಿದ್ದ ಒಂದೇ ಆಯುಧ ಲೆಕ್ಕ.

ನಮ್ಮ ಶಾಸನಗಳೂ ಅಂಥ ಲೆಕ್ಕವೇ. ಒಂದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ತಲೆಯ ಮೇಲೆ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ದನ. ಕೆಳಗೆ ಸಾಲುಸಾಲಾಗಿ ಅಕ್ಷರ: ಯಾವ ಅರಸನ ಕಾಲ, ಬಾರಕೂರಿನಲ್ಲಿ ಅಧಿಕಾರ ಯಾರದು, ಯಾವ ಗದ್ದೆ ಯಾರಿಗೆ ಬಿಟ್ಟದ್ದು, ವರ್ಷಕ್ಕೆ ಎಷ್ಟು ಮುಡಿ ಅಕ್ಕಿ, ಕೇರಿಯ ಹಲರು ಸೇರಿ ಒಪ್ಪಿದ್ದೇನು. ಕಡೆಗೆ ಶಾಪ: ಈ ಧರ್ಮ ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳವಾಗಿ ಹುಟ್ಟಲಿ.

ಆ ಶಾಪ ಫಲಿಸುವುದಾದರೆ ನಮ್ಮ ಸೀಮೆಯಲ್ಲಿ ಹುಳಗಳಿಗೆ ಜಾಗ ಸಾಲದು. ಜಾಗ ಸಮತಟ್ಟು ಮಾಡುವ ಜೆಸಿಬಿಗೆ ಅಕ್ಷರ ಕಾಣುವುದಿಲ್ಲ; ಅದನ್ನು ನಡೆಸುವವನಿಗೆ ನೋಡೆಂದು ಹೇಳಿದವರೂ ಇಲ್ಲ. ಮುರಕಲ್ಲಿನ ಹಳೇ ಗೋಡೆ ಹೊಸ ಪಾಗಾರಕ್ಕೆ ಹೋಗುತ್ತದೆ. ನಿಧಿಯ ಆಸೆಗೆ ರಾತ್ರೋರಾತ್ರಿ ಅಗೆಯುವವರು ಬೇರೆ. ಅದಕ್ಕಿಂತ ದೊಡ್ಡ ಗಂಡಾಂತರ ಭಕ್ತಿಯ ಹೆಸರಿನದು. ಜೀರ್ಣೋದ್ಧಾರವೆಂದರೆ ಟೈಲ್ಸು, ಗ್ರಾನೈಟು, ಆಯಿಲ್ ಪೇಂಟು ಎಂದಾಗಿದೆ. ಶಾಸನಕಲ್ಲು ಮೆಟ್ಟಿಲಾಗುತ್ತದೆ, ಇಲ್ಲವೇ ಅರ್ಧಕ್ಕೆ ಕಾಂಕ್ರೀಟಿನಲ್ಲಿ ಮುಳುಗುತ್ತದೆ. ಕೇಳಿದರೆ, 'ಅದೆಂತ ಮಾರಾಯ್ರೆ, ಒಂದ್ ಹಳಿ ಕಲ್ಲಲ್ದಾ' ಎಂಬ ಉತ್ತರ. ಹಳೇ ಕಲ್ಲಂತೆ! ನಿಮ್ಮ ಜಾಗದ ಹಳೇ ಪಟ್ಟೆ ಕಾಗದವನ್ನು ಒಲೆಗೆ ಹಾಕುತ್ತೀರೇನು?

ಈ ಬುದ್ಧಿ ನಮಗಷ್ಟೇ ಅಂಟಿದ ರೋಗವಲ್ಲ ನಿಜ. ರೋಮಿನವರೇ ತಮ್ಮ ಪುರಾತನ ಕಟ್ಟಡಗಳ ಅಮೃತಶಿಲೆಯನ್ನು ಭಟ್ಟಿಗೆ ಹಾಕಿ ಸುಟ್ಟು ಸುಣ್ಣ ಮಾಡಿದರು. ಚಿತ್ರಕಾರ ರಾಫೆಲ್ 1519ರ ಹೊತ್ತಿಗೆ ಪೋಪ್ ಹತ್ತನೆಯ ಲಿಯೋಗೆ ಬರೆದ ಪತ್ರದಲ್ಲಿ ಇದೇ ಸಂಕಟ ತೋಡಿಕೊಂಡ. ಐನೂರು ವರ್ಷದ ಹಿಂದೆ ಒಬ್ಬ ಕಲಾವಿದನಿಗೆ ತಿಳಿದದ್ದು ಇಂದು ಮೊಬೈಲ್ ಹಿಡಿದ ನಮಗೆ, ನಮ್ಮ ಇಲಾಖೆಗಳಿಗೆ ತಿಳಿಯುವುದಿಲ್ಲವೆಂದರೆ ನಂಬಬೇಕೇ?

ಅರಸರ ಮೇಲಿನ ಮೋಹದಿಂದ ಇದನ್ನು ಬರೆಯುತ್ತಿಲ್ಲ. ಆಳುಪರಾಗಲಿ ವಿಜಯನಗರವಾಗಲಿ ಕತ್ತಿಯಿಂದ ಗೆದ್ದವರು, ಸುಂಕದಿಂದ ಬೆಳೆದವರು. ಅವರ ಅನ್ನ ಬೆಳೆದ ಒಕ್ಕಲುಗಳ ಹೆಸರು ದೊಡ್ಡ ಇತಿಹಾಸದ ಪುಸ್ತಕದಲ್ಲಿಲ್ಲ. ಗದ್ದೆಯ ಗಡಿ, ಗೇಣಿಯ ಅಕ್ಕಿ, ಕೇರಿಯ ಕಟ್ಟುಪಾಡು ಉಳಿದಿದ್ದರೆ ಈ ಕಲ್ಲುಗಳಲ್ಲಿ ಮಾತ್ರ. ಕಲ್ಲು ಹೋದರೆ ಉಳಿಯುವುದು ಅರಸರ ಹೊಗಳಿಕೆ ಮತ್ತು ರಾಜಕಾರಣಿಗಳು ತಮಗೆ ಬೇಕಾದಂತೆ ಕಟ್ಟುವ ಕಟ್ಟುಕಥೆ. ಲೆಕ್ಕವಿಲ್ಲದ ಊರಿನಲ್ಲಿ ಯಾವನೂ ಮಹಾಪುರುಷನಾಗಬಹುದು.

ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿದ್ದ ಡಾ. ಪಾದೂರು ಗುರುರಾಜ ಭಟ್ಟರು ಈ ಸೀಮೆಯ ದೇವಸ್ಥಾನ, ಬಸದಿ, ಶಾಸನಗಳನ್ನು ಹುಡುಕಿ ಅಲೆದು 1975ರಲ್ಲಿ ತುಳುವ ಇತಿಹಾಸದ ಬೃಹತ್ ಗ್ರಂಥ ತಂದರು. ಪಾಠ ಹೇಳುತ್ತಲೇ ಅವರು ಇಷ್ಟು ಮಾಡಿದರು. ಸರಕಾರಕ್ಕೆ ಇಲಾಖೆ ಇದೆ, ಜೀಪಿದೆ, ಕಾನೂನಿದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಾಸನ ಪ್ರಾಚ್ಯವಸ್ತು. ಸಂರಕ್ಷಿತ ಸ್ಮಾರಕ ಹಾಳುಮಾಡಿದವನಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಎಂದು 2010ರ ತಿದ್ದುಪಡಿ ಹೇಳುತ್ತದೆ. ಆದರೆ ಗದ್ದೆಯ ಅಂಚಿನ, ಹಿತ್ತಿಲ ಮೂಲೆಯ ಕಲ್ಲಿಗೆ 'ಸಂರಕ್ಷಿತ' ಎಂಬ ಬೋರ್ಡು ಹಾಕುವವರು ಯಾರು?

ಆದ್ದರಿಂದ ನಮ್ಮ ಬೇಡಿಕೆ ನೇರ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಪ್ರತಿ ಗ್ರಾಮ ಪಂಚಾಯತಿಯೂ ತನ್ನ ವ್ಯಾಪ್ತಿಯ ಶಾಸನ, ವೀರಗಲ್ಲು, ಕೋಟೆಗೋಡೆಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಲಿ. ರಸ್ತೆಗೆ, ಕೋರೆಗೆ, ಲೇಔಟಿಗೆ, ಜೀರ್ಣೋದ್ಧಾರಕ್ಕೆ ಪರವಾನಗಿ ಕೊಡುವ ಮೊದಲು ಆ ಪಟ್ಟಿ ನೋಡುವುದು ಕಡ್ಡಾಯವಾಗಲಿ. ಒಡೆದವನ ಜತೆ ಕಣ್ಣುಮುಚ್ಚಿ ಸಹಿ ಹಾಕಿದವನ ಮೇಲೂ ಕೇಸು ಬೀಳಲಿ. ನಾವು ಟೋಲೂ ಕಟ್ಟುತ್ತೇವೆ, ತೆರಿಗೆಯೂ ಕಟ್ಟುತ್ತೇವೆ. ಮುಂದಿನ ಗ್ರಾಮಸಭೆಯಲ್ಲಿ ಮೈಕು ಹಿಡಿದು ಮೊದಲು ಕೇಳುವ ಪ್ರಶ್ನೆ ಇದೇ: ನಮ್ಮೂರಿನಲ್ಲಿ ಎಷ್ಟು ಕಲ್ಲಿದ್ದವು, ಈಗ ಎಷ್ಟಿವೆ, ಉಳಿದವು ಎಲ್ಲಿ ಹೋದವು?