ರಾಷ್ಟ್ರೀಯ ಭದ್ರತಾ ಪಡೆ (ಎನ್.ಎಸ್.ಜಿ.): ಪಾತ್ರ, ತರಬೇತಿ ಮತ್ತು ಕಾಲಾವಧಿಯ ಪ್ರಶ್ನೆ

ಎನ್.ಎಸ್.ಜಿ. ಸೇರಲು ಅರ್ಜಿ ನಮೂನೆ ಎಲ್ಲಿ ದೊರೆಯುತ್ತದೆ ಎಂದು ಅನೇಕ ಯುವಕರು ವಿಚಾರಿಸುವುದುಂಟು. ಅಂತಹ ನಮೂನೆಯೇ ಇರುವುದಿಲ್ಲ. ಸದರಿ ಪಡೆಗೆ ಸಾರ್ವಜನಿಕರಿಂದ ನೇರ ನೇಮಕಾತಿ ನಡೆಯುವುದಿಲ್ಲ. ಭೂಸೇನೆ, ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು ಹಾಗೂ ರಾಜ್ಯ ಪೊಲೀಸ್ ಇಲಾಖೆಗಳಲ್ಲಿ ಈಗಾಗಲೇ ಸೇವೆಯಲ್ಲಿರುವವರನ್ನು ನಿಯೋಜನೆಯ ಮೇಲೆ ಪಡೆದು, ಅವಧಿ ಮುಗಿದ ನಂತರ ಮಾತೃ ಇಲಾಖೆಗೆ ಹಿಂದಿರುಗಿಸಲಾಗುತ್ತದೆ. ನೇಮಕ ಮಾಡಿಸಿಕೊಡುವುದಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ಯಾರೂ ನಂಬಬಾರದು.

1984ರಲ್ಲಿ ಅಸ್ತಿತ್ವಕ್ಕೆ ಬಂದ ಈ ಪಡೆಗೆ 1986ರ ರಾಷ್ಟ್ರೀಯ ಭದ್ರತಾ ಪಡೆ ಅಧಿನಿಯಮವು ಶಾಸನಬದ್ಧ ಸ್ವರೂಪ ನೀಡಿತು. ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿರುವ ಇದು ವಿಮಾನ ಅಪಹರಣ, ಒತ್ತೆಯಾಳುಗಳ ಬಿಡುಗಡೆ, ಬಾಂಬ್ ನಿಷ್ಕ್ರಿಯಗೊಳಿಸುವಿಕೆ ಮುಂತಾದ ವಿಶೇಷ ಸಂದರ್ಭಗಳಿಗೆ ಮೀಸಲು. ದಿನನಿತ್ಯದ ಕಾನೂನು ಸುವ್ಯವಸ್ಥೆ ಇದರ ಕೆಲಸವಲ್ಲ. ಸಂವಿಧಾನದ ಏಳನೆಯ ಅನುಸೂಚಿಯಂತೆ ಪೊಲೀಸ್ ರಾಜ್ಯಪಟ್ಟಿಯ ವಿಷಯವಾದ್ದರಿಂದ, ಸಾಮಾನ್ಯವಾಗಿ ರಾಜ್ಯ ಸರ್ಕಾರದ ಕೋರಿಕೆಯ ಮೇರೆಗೆ ಕೇಂದ್ರವು ಈ ಪಡೆಯನ್ನು ಕಳುಹಿಸುತ್ತದೆ.

ತರಬೇತಿಯು ಹರಿಯಾಣದ ಮಾನೇಸರ್‌ನಲ್ಲಿ ನಡೆಯುತ್ತದೆ. ಆರಂಭಿಕ ಹಂತವೇ ಸುಮಾರು ಮೂರು ತಿಂಗಳದ್ದು. ಸೇನೆಯಲ್ಲಿ ಪಳಗಿ ಬಂದವರೂ ಇದರಲ್ಲಿ ಗಣನೀಯ ಸಂಖ್ಯೆಯಲ್ಲಿ ಅನುತ್ತೀರ್ಣರಾಗಿ ಹಿಂದಿರುಗುತ್ತಾರೆ. ದೇಹದಾರ್ಢ್ಯವೊಂದೇ ಇಲ್ಲಿ ಸಾಲದು. ಕತ್ತಲ ಕೋಣೆಯೊಳಗೆ ನುಗ್ಗಿದ ಕ್ಷಣದಲ್ಲಿ ಯಾರು ಶತ್ರು, ಯಾರು ಒತ್ತೆಯಾಳು ಎಂದು ಗುರುತಿಸಿ ಗುಂಡು ಹಾರಿಸಬೇಕು, ಇಲ್ಲವೇ ಹಾರಿಸದೆ ತಡೆಯಬೇಕು. ಹಾರಿಸದಿರುವುದನ್ನು ಕಲಿಯುವುದೇ ಹೆಚ್ಚು ಕಠಿಣವೆಂದು ತೋರುತ್ತದೆ.

ಆದರೆ ಎಷ್ಟೇ ನುರಿತ ಪಡೆಯಾದರೂ ಸ್ಥಳಕ್ಕೆ ತಲುಪಿದ ನಂತರವಷ್ಟೇ ಅದರಿಂದ ಪ್ರಯೋಜನ. ಅಮೃತಸರ ವಿಮಾನ ನಿಲ್ದಾಣದ ಎರಡು ಘಟನೆಗಳು ಇದನ್ನು ತೋರಿಸುತ್ತವೆ. 1993ರ ಏಪ್ರಿಲ್‌ನಲ್ಲಿ ಅಪಹೃತ ಇಂಡಿಯನ್ ಏರ್‌ಲೈನ್ಸ್ ವಿಮಾನ ಅಲ್ಲಿ ನಿಂತಿದ್ದಾಗ, ಎನ್.ಎಸ್.ಜಿ. ಕಮಾಂಡೋಗಳು ಒಳನುಗ್ಗಿ ಕೆಲವೇ ನಿಮಿಷಗಳಲ್ಲಿ ಪ್ರಯಾಣಿಕರೆಲ್ಲರನ್ನೂ ಸುರಕ್ಷಿತವಾಗಿ ಬಿಡಿಸಿದರು. 1999ರ ಡಿಸೆಂಬರ್ 24ರಂದು ಅಪಹೃತ ಐಸಿ-814 ವಿಮಾನ ಅದೇ ನಿಲ್ದಾಣದಲ್ಲಿ ಒಂದು ಗಂಟೆಗೂ ಕಡಿಮೆ ಅವಧಿ ಇತ್ತು. ಪಡೆ ತಲುಪುವ ಮೊದಲೇ ವಿಮಾನ ಹಾರಿಹೋಯಿತು.

2008ರ ನವೆಂಬರ್ 26ರ ರಾತ್ರಿ ಮುಂಬೈ ಮೇಲೆ ದಾಳಿಯಾದಾಗ ದೆಹಲಿ ಕಡೆಯಿಂದ ಹೊರಟ ಪಡೆ ಮರುದಿನ ಬೆಳಿಗ್ಗೆಯಷ್ಟೇ ಕಾರ್ಯಾಚರಣೆಗೆ ಇಳಿಯಲು ಸಾಧ್ಯವಾಯಿತು. ಅಲ್ಲಿಯವರೆಗೆ ದಾಳಿಕೋರರನ್ನು ಎದುರಿಸಿದವರು ನಗರ ಪೊಲೀಸರು ಮತ್ತು ನೌಕಾಪಡೆಯ ಕಮಾಂಡೋಗಳು. ತಾಜ್ ಹೋಟೆಲ್ 29ರ ಬೆಳಿಗ್ಗೆ ಮುಕ್ತವಾಯಿತು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅಲ್ಲಿಯೇ ಪ್ರಾಣಾರ್ಪಣೆ ಮಾಡಿದರು. ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು.

ತದನಂತರ 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್ ಮತ್ತು ಕೋಲ್ಕತ್ತಗಳಲ್ಲಿ ಪ್ರಾದೇಶಿಕ ಕೇಂದ್ರಗಳನ್ನು ತೆರೆಯಲಾಯಿತು. ಗಾಂಧಿನಗರದ ಕೇಂದ್ರ ಆಮೇಲೆ ಬಂದಿತು. ತುರ್ತು ಸಮಯದಲ್ಲಿ ವಿಮಾನಗಳನ್ನು ವಶಕ್ಕೆ ಪಡೆಯುವ ಅಧಿಕಾರವನ್ನು ಪಡೆಯ ಮಹಾನಿರ್ದೇಶಕರಿಗೆ ನೀಡಲಾಯಿತು. 2024ರಲ್ಲಿ ಗಣ್ಯರ ರಕ್ಷಣೆಯ ಹೊಣೆಯನ್ನು ಕೇಂದ್ರ ಮೀಸಲು ಪೊಲೀಸ್ ಪಡೆಗೆ ವಹಿಸಲು ನಿರ್ಧರಿಸಿದ್ದೂ ಯುಕ್ತ ಕ್ರಮವೇ ಸರಿ. ಇಷ್ಟು ಪರಿಶ್ರಮದಿಂದ ತಯಾರಾದ ಸಿಬ್ಬಂದಿಯನ್ನು ಬೆಂಗಾವಲಿಗೆ ಬಳಸುವುದು ಮೂಲ ಉದ್ದೇಶಕ್ಕೆ ಹೊಂದುವಂಥದ್ದಲ್ಲ.

ಇಷ್ಟಾದರೂ ಮೊದಲ ಗಂಟೆಗಳ ಹೊಣೆ ಸ್ಥಳೀಯ ಪೊಲೀಸರದ್ದೇ ಆಗಿರುತ್ತದೆ. ಕರ್ನಾಟಕಕ್ಕೆ ಸಮೀಪದ ಪ್ರಾದೇಶಿಕ ಕೇಂದ್ರಗಳೆಂದರೆ ಹೈದರಾಬಾದ್, ಚೆನ್ನೈ ಮತ್ತು ಮುಂಬೈ. ಆ ಅಂತರವನ್ನು ತುಂಬಲೆಂದೇ ರಾಜ್ಯ ಪೊಲೀಸ್ ಇಲಾಖೆಯಲ್ಲಿ 'ಗರುಡ' ಕಮಾಂಡೋ ಪಡೆಯಿದೆ. ಇಂತಹ ಪಡೆಗಳು ಜನನಿಬಿಡ ಸ್ಥಳಗಳಲ್ಲಿ ಅಣಕು ಕಾರ್ಯಾಚರಣೆ ನಡೆಸುವಾಗ ಸಾರ್ವಜನಿಕರು ಗಾಬರಿಗೊಳ್ಳದೆ ದೂರ ಸರಿಯಬೇಕು. ಛಾಯಾಚಿತ್ರಗಳನ್ನು ಹಂಚಿಕೊಳ್ಳಬಾರದು.

ಸಂಶಯಾಸ್ಪದ ವಸ್ತು ಕಂಡುಬಂದಲ್ಲಿ ಮುಟ್ಟದೆ, ಸರಿಸದೆ, 112ಕ್ಕೆ ಕರೆ ಮಾಡತಕ್ಕದ್ದು. 2016ರ ಜನವರಿಯಲ್ಲಿ ಪಠಾಣ್‌ಕೋಟ್‌ನಲ್ಲಿ ಸ್ಫೋಟಕ್ಕೆ ಬಲಿಯಾದ ಲೆಫ್ಟಿನೆಂಟ್ ಕರ್ನಲ್ ಇ.ಕೆ. ನಿರಂಜನ್ ಇದೇ ಪಡೆಯ ಬಾಂಬ್ ನಿಷ್ಕ್ರಿಯ ದಳದ ಅನುಭವಿ ಅಧಿಕಾರಿಯಾಗಿದ್ದರು. ಅವರೂ ಬೆಂಗಳೂರಿನಲ್ಲೇ ಬೆಳೆದವರು.