ಡಬ್ಬ ಬಡಿದ ಹಾಗೆ ಉಂಟು

ಮೊನ್ನೆ ಐದನೇ ತರಗತಿಯಲ್ಲಿ ಯಕ್ಷಗಾನದ ಮಾತು ಬಂತು. ಮೊಬೈಲಿನಲ್ಲಿದ್ದ ಚೆಂಡೆ ಮದ್ದಳೆ ಕೇಳಿಸಿದೆ. ಹಿಂದಿನ ಬೆಂಚಿನ ಹುಡುಗ, "ಸರ್, ಡಬ್ಬ ಬಡಿದ ಹಾಗೆ ಉಂಟು" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವನು ಹೇಳಿದ್ದು ಸರಿಯೇ. ನಮ್ಮ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಧ್ವನಿ ಕೇಳುತ್ತದೆ. ಆದರೆ ಮೊಬೈಲಿನ ಸ್ಪೀಕರ್ ಉಗುರಿನಷ್ಟು ಸಣ್ಣದು. ತಗ್ಗಿನ ನಾದಕ್ಕೆ ಬೇಕಾದಷ್ಟು ಗಾಳಿಯನ್ನು ಅದು ತಳ್ಳಲಾರದು. ಮದ್ದಳೆಯ 'ಧೀಂ' ಹೋಗಿ ಬರೀ 'ಟಕ ಟಕ' ಉಳಿಯುತ್ತದೆ. ಆಟದ ಮೊದಲು ಕೇಳಿ ಬಾರಿಸಿದರೆ ಗದ್ದೆ ದಾಟಿ ಆಚೆ ಊರಿಗೆ ಮುಟ್ಟುತ್ತಿದ್ದ ಚೆಂಡೆ ಅದು! ಹತ್ತಿರ ನಿಂತರೆ ಪೆಟ್ಟು ಎದೆಗೇ ಬೀಳುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ಇಡುತ್ತಾರೆ ಎಂಬುದು ನಿಜ. ಆದರೂ ಕೊನೆಗೆ ಅದು ಹೊರಬರಬೇಕಾದ್ದು ಒಂದು ಪೆಟ್ಟಿಗೆಯ ಬಾಯಿಂದಲೇ ತಾನೆ?

ಹಾಗೆಂದು ನಾನು ರೆಕಾರ್ಡಿಂಗಿನ ವೈರಿಯಲ್ಲ. ತೀರಿಹೋದ ಭಾಗವತರ ಪದ ಇಂದು ಕೇಳಲು ಸಿಗುವುದು ಅದರಿಂದಲೇ. 2020ರಲ್ಲಿ ಶಾಲೆ ಮುಚ್ಚಿದಾಗ ಫಸ್ಟ್ ಬೆಲ್ ಪಾಠಗಳು ಕನ್ನಡದಲ್ಲೂ ಬಂದವು, ಮಕ್ಕಳಿಗೆ ಅದೇ ಆಧಾರವಾಯಿತು.

ನನ್ನ ತಕರಾರು ಬೆಳಗ್ಗಿನ ಅಸೆಂಬ್ಲಿಯದ್ದು. ಪ್ರಾರ್ಥನೆಗೆ ಪೆನ್ ಡ್ರೈವ್ ಹಾಕುವ ಪದ್ಧತಿಯನ್ನು ನಮ್ಮ ಶಾಲೆಗೆ ತಂದವನು ನಾನೇ. ಇರುವ ಮಕ್ಕಳೇ ಕಡಿಮೆ, ಹಾಡಿದರೆ ರಸ್ತೆಗೂ ಕೇಳುವುದಿಲ್ಲ. ಕನ್ನಡ ಶಾಲೆ ಸೊರಗಿದೆ ಎಂದು ದಾರಿಹೋಕರು ಅಂದುಕೊಂಡಾರು ಎಂಬ ಹೆದರಿಕೆ ನನಗೆ. ಸ್ಪೀಕರಿನಲ್ಲಿ ಶ್ರುತಿ, ತಾಳ ಎಲ್ಲವೂ ಚೊಕ್ಕ. ಒಂದು ಮಳೆಯ ದಿನ ನಡುವೆ ಕರೆಂಟು ಹೋಯಿತು. ಎರಡನೇ ಚರಣ ಒಬ್ಬರಿಗೂ ಬರಲಿಲ್ಲ. ಎರಡು ವರ್ಷ ಮಕ್ಕಳು ತುಟಿ ಮಾತ್ರ ಆಡಿಸಿದ್ದರು.

ಮನೆಯಲ್ಲಿ ತುಳು, ಮಲಯಾಳ, ಮರಾಟಿ ಆಡುವ ಮಕ್ಕಳು ಇವರು. ಕನ್ನಡ ಇವರ ಬಾಯಿಯಿಂದ ಹೊರಡುವುದೇ ಶಾಲೆಯಲ್ಲಿ. ಆ ಹತ್ತು ನಿಮಿಷವನ್ನೂ ಯಂತ್ರಕ್ಕೆ ಕೊಟ್ಟರೆ ಹೇಗೆ, ನೀವೇ ಹೇಳಿ. ಹಾಡನ್ನು ಕೇಳಿದ ಮಾತ್ರಕ್ಕೆ 'ಳ'ಕಾರ ನಾಲಿಗೆಗೆ ಬರುವುದಿಲ್ಲ. ಪಕ್ಕದವಳ ಉಸಿರು ಕೇಳಿ, ಅವಳ ಜೊತೆ ದನಿ ಸೇರಿಸಿ, ತಪ್ಪಿ, ಮತ್ತೆ ಹಿಡಿಯಬೇಕು.

ಈಗ ಪೆನ್ ಡ್ರೈವ್ ಕಪಾಟಿನಲ್ಲಿದೆ. ಮೂರನೇ ತರಗತಿಯವರು ತೀರಾ ಮೇಲಿನಿಂದ ಎತ್ತಿಕೊಂಡು ಕೊನೆಗೆ ಕಿರುಚುತ್ತಾರೆ. ಇರಲಿ. ಮುಂದಿನ ಶನಿವಾರ ಊರಿನ ಚೆಂಡೆಯವರೊಬ್ಬರು ಬರಲು ಒಪ್ಪಿದ್ದಾರೆ. ಡಬ್ಬ ಎಂದ ಹುಡುಗನನ್ನು ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ.