ಕಾವಲುಗಾರನಿಗೆ ಅಧಿಕಾರ ಬೇಡವೇ?

ಸೈಬರ್ ಭದ್ರತಾ ಮುಖ್ಯಸ್ಥರ ಹುದ್ದೆಗೆ ಅರ್ಹರೇ ಸಿಗುತ್ತಿಲ್ಲ ಎಂಬುದು ಕಂಪನಿಗಳ ಸಾಮಾನ್ಯ ದೂರು. ಕೊರತೆ ಇರುವುದು ಅರ್ಹರದೋ, ಅವರಿಗೆ ಅಧಿಕಾರ ಕೊಡುವ ಮನಸ್ಸಿನದೋ ಎಂಬುದು ನನ್ನ ಪ್ರಶ್ನೆ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆಯೇ ಈ ಹುದ್ದೆ ಹುಟ್ಟಿತು. 1994ರಲ್ಲಿ ರಷ್ಯಾದಿಂದ ಕನ್ನ ಹಾಕಿದವರು ಅಮೆರಿಕದ ಸಿಟಿಕಾರ್ಪ್‌ನಿಂದ ಸುಮಾರು 1 ಕೋಟಿ ಡಾಲರ್ ವರ್ಗಾಯಿಸಿದರು. ಅನಂತರವೇ ಬ್ಯಾಂಕು ಸ್ಟೀವ್ ಕಾಟ್ಜ್ ಅವರನ್ನು ನೇಮಿಸಿಕೊಂಡಿತು. ಜಗತ್ತಿನ ಮೊದಲ ಮಾಹಿತಿ ಭದ್ರತಾ ಮುಖ್ಯಸ್ಥರೆಂದು ಗುರುತಿಸಲಾಗುವುದು ಅವರನ್ನೇ.

ನಮ್ಮ ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನ ನಿರ್ದೇಶನದಲ್ಲಿ ಸ್ಪಷ್ಟವಾಗಿಯೇ ಹೇಳಿತು: ಈ ಅಧಿಕಾರಿ ಹಿರಿಯ ದರ್ಜೆಯವರಾಗಿರಬೇಕು, ಮಾಹಿತಿ ತಂತ್ರಜ್ಞಾನ ವಿಭಾಗದ ಮುಖ್ಯಸ್ಥರಿಗೆ ಅಧೀನರಾಗಿರಕೂಡದು, ಅವರಿಗೆ ವ್ಯವಹಾರದ ಗುರಿ ನಿಗದಿಪಡಿಸಕೂಡದು. ಕಾರಣ ಸರಳ. ಹೊಸ ಸೇವೆಯನ್ನು ಬೇಗ ಬಿಡುಗಡೆ ಮಾಡುವುದು ತಂತ್ರಜ್ಞಾನ ವಿಭಾಗದ ಆತುರ. ಲೋಪ ಕಂಡರೆ 'ಈಗ ಬೇಡ' ಎನ್ನುವುದು ಕಾವಲುಗಾರನ ಕರ್ತವ್ಯ. ಒಬ್ಬರು ಮತ್ತೊಬ್ಬರ ಕೈಕೆಳಗಿದ್ದರೆ ಆ ಎಚ್ಚರಿಕೆ ಆಡಳಿತ ಮಂಡಳಿಯನ್ನು ತಲುಪುವುದೇ ಇಲ್ಲ.

ಇದು ಬ್ಯಾಂಕುಗಳಿಗೆ ಮಾತ್ರ ಸಲ್ಲುವ ವಿವೇಕವಲ್ಲ. ಅಭ್ಯರ್ಥಿಯ ಪ್ರಮಾಣಪತ್ರಗಳನ್ನು ಎಣಿಸುವ ಮುನ್ನ ಪ್ರತಿ ಕಂಪನಿಯೂ ತನ್ನನ್ನೇ ಕೇಳಿಕೊಳ್ಳಲಿ: ಇವರು ಬೇಡವೆಂದಾಗ ನಾವು ನಿಲ್ಲಿಸುತ್ತೇವೆಯೇ? ಉತ್ತರ 'ಇಲ್ಲ' ಎಂದಾದರೆ, ಎಷ್ಟು ಸಂಬಳ ಕೊಟ್ಟು ಯಾರನ್ನು ತಂದರೂ ಅದು ಕಾವಲಲ್ಲ, ಬರಿಯ ನಾಮಫಲಕ.